ಹುಳ ಸಾಕುವ ಅಪ್ಪನಿಗೆ ವಿಡಿಯೋ, ಡಿಗ್ರಿ ಓದುವ ಮಗಳಿಗೆ ಜೆರಾಕ್ಸ್!

ಶಿಡ್ಲಘಟ್ಟದ ಸುತ್ತಮುತ್ತಲ ಯಾವ ಹಳ್ಳಿಗೆ ಬೇಕಾದರೂ ಸಂಜೆ ಏಳು ಗಂಟೆ ಮೇಲೆ ಹೋಗಿ ನೋಡಿ. ಹುಳುಮನೆಯಲ್ಲಿ ಸೊಪ್ಪು ಹಾಕಿ ಬಂದ ಅಪ್ಪ ಜಗಲಿ ಮೇಲೆ ಕೂತು ಫೋನ್ ಹಿಡಿದಿರುತ್ತಾನೆ. ಯಾವನೋ ರೈತ ತನ್ನ ತೋಟದಲ್ಲೇ ನಿಂತು ಮಾತಾಡುವ ವಿಡಿಯೋ ಓಡುತ್ತಿರುತ್ತದೆ. ಹಿಪ್ಪುನೇರಳೆಗೆ ಬೇರು ಕೊಳೆ ಬಂದರೆ ಏನು ಮಾಡಬೇಕು, ಸುಣ್ಣ ಎಷ್ಟು ಚೆಲ್ಲಬೇಕು, ಚಂದ್ರಿಕೆ ಬದಲು ಪ್ಲಾಸ್ಟಿಕ್ ನೆಟ್ರಿಕೆ ಹಾಕಿದರೆ ಗೂಡು ಹೇಗೆ ಬರುತ್ತದೆ, ಎಲ್ಲ ಅದರಲ್ಲೇ. ಅರ್ಥವಾಗದಿದ್ದರೆ ಹಿಂದಕ್ಕೆ ಎಳೆದು ಇನ್ನೊಂದು ಸಲ ನೋಡುತ್ತಾನೆ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ಹೀಗೆ ದಿನಾ ಪಾಠ ಕಲಿಯುತ್ತಿದ್ದಾನೆ.

ಒಳಗೆ ಬಲ್ಬಿನ ಕೆಳಗೆ ಅವನ ಮಗಳು ಕೂತಿರುತ್ತಾಳೆ. ಡಿಗ್ರಿ ಓದುತ್ತಿದ್ದಾಳೆ. ಅವಳ ಕೈಯಲ್ಲಿರುವುದು ಕಾಪಿಯ ಕಾಪಿ ತೆಗೆದ ಜೆರಾಕ್ಸ್ ನೋಟ್ಸು. ಅಕ್ಷರ ಅರ್ಧ ಅಳಿಸಿದೆ. ಚಿತ್ರ ಇದ್ದ ಜಾಗದಲ್ಲಿ ಕಪ್ಪು ಮಸಿ. ಯಾರು ಬರೆದದ್ದು, ಯಾವ ವರ್ಷದ್ದು, ಒಂದೂ ಗೊತ್ತಿಲ್ಲ. ಅದನ್ನೇ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಇಳಿಸಿ ಬರುತ್ತಾಳೆ.

ಒಂದೇ ಮನೆ, ಬಹಳ ಸಲ ಒಂದೇ ಫೋನು. ಹುಳ ಸಾಕುವ ಅಪ್ಪನಿಗೆ ಸಿಗುವ ಕಲಿಕೆ ಡಿಗ್ರಿ ಓದುವ ಮಗಳಿಗೆ ಯಾಕೆ ಸಿಗುವುದಿಲ್ಲ? ಈ ಪ್ರಶ್ನೆಯನ್ನು ವಿಶ್ವವಿದ್ಯಾಲಯ ನಡೆಸುವವರಿಗೆ ಕೇಳಬೇಕು. ನಾವು ಕೇಳುತ್ತಿಲ್ಲ, ಅದಕ್ಕೆ ಅವರೂ ಉತ್ತರ ಕೊಡುತ್ತಿಲ್ಲ.

ಜೆರಾಕ್ಸ್ ಅಂಗಡಿಯೇ ಯೂನಿವರ್ಸಿಟಿ

2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯವನ್ನು ಮೂರು ಭಾಗ ಮಾಡಿದಾಗ ನಮ್ಮ ಪಾಲಿಗೆ ಬಂದದ್ದು ಬೆಂಗಳೂರು ಉತ್ತರ ವಿಶ್ವವಿದ್ಯಾಲಯ. ಆಡಳಿತ ಕಚೇರಿ ಕೋಲಾರದ ಟಮಕದಲ್ಲಿ. ಸ್ವಂತ ಕ್ಯಾಂಪಸ್ಸಿಗೆ ಗೊತ್ತಾದದ್ದು ನಮ್ಮ ಶಿಡ್ಲಘಟ್ಟ ತಾಲ್ಲೂಕಿನ ಅಮರಾವತಿ. "ನಮ್ಮ ತಾಲ್ಲೂಕಿಗೆ ಯೂನಿವರ್ಸಿಟಿ ಬಂತು" ಅಂತ ನಾವೆಲ್ಲ ಖುಷಿಪಟ್ಟೆವು. ಖುಷಿಪಡುವುದರಲ್ಲಿ ತಪ್ಪೇನಿಲ್ಲ.

ಆದರೆ ಯೂನಿವರ್ಸಿಟಿ ಅಂದರೆ ಕಟ್ಟಡವಲ್ಲ. ಹುಡುಗರ ಕೈಗೆ ಓದಲು ಏನು ಸಿಗುತ್ತದೆ ಅನ್ನುವುದೇ ಯೂನಿವರ್ಸಿಟಿ. ಆ ಲೆಕ್ಕದಲ್ಲಿ ನಮ್ಮ ನಿಜವಾದ ಯೂನಿವರ್ಸಿಟಿ ಇರುವುದು ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ. ಸೆಮಿಸ್ಟರ್ ಮುಗಿಯಲು ಹದಿನೈದು ದಿನ ಇದೆ ಅನ್ನುವಾಗ ಅಲ್ಲಿ ಜಾತ್ರೆ. ಲೈಬ್ರರಿಯಲ್ಲಿ ಪುಸ್ತಕ ಇದ್ದರೂ ಅದು ಹಳೇ ಸಿಲಬಸ್ಸಿನದ್ದು. ಹೊಸ ಸಿಲಬಸ್ಸಿಗೆ ಪುಸ್ತಕ ಬರುವಷ್ಟರಲ್ಲಿ ಸಿಲಬಸ್ಸೇ ಬದಲಾಗಿರುತ್ತದೆ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಅಂತ ಎಲ್ಲ ಬದಲಾಯಿಸಿದರು. 2024ರಲ್ಲಿ ಅದನ್ನು ಬಿಟ್ಟು ಮತ್ತೆ ಮೂರು ವರ್ಷದ ಡಿಗ್ರಿಗೆ ಬಂದರು. ಮೇಲೆ ಕೂತವರಿಗೆ ಇದು ನೀತಿಯ ಜಗಳ. ಕೆಳಗೆ ಓದುವ ಹುಡುಗಿಗೆ ಇದರ ಅರ್ಥ ಒಂದೇ: ಅಕ್ಕನ ಪುಸ್ತಕ ತಂಗಿಗೆ ಬರುವುದಿಲ್ಲ.

ಸರ್ಕಾರ ಏನೂ ಮಾಡಲಿಲ್ಲ ಅಂತ ನಾನು ಹೇಳುವುದಿಲ್ಲ. ಕೊರೋನಾ ಕಾಲದಲ್ಲಿ, 2021ರಲ್ಲಿ, ಕಾಲೇಜು ಶಿಕ್ಷಣ ಇಲಾಖೆ 430 ಸರ್ಕಾರಿ ಪದವಿ ಕಾಲೇಜುಗಳಿಗೆ ಎಲ್‌ಎಂಎಸ್ ಅಂತ ಒಂದು ವ್ಯವಸ್ಥೆ ತಂದಿತು. ಅದೇ ವರ್ಷ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಕೊಟ್ಟಿತು. ಮೇಷ್ಟ್ರುಗಳು ಕಷ್ಟಪಟ್ಟು ವಿಡಿಯೋ ಮಾಡಿದರು, ನೋಟ್ಸು ಹಾಕಿದರು. ಮನೆಯಲ್ಲಿ ಮಕ್ಕಳು ಅಳುವಾಗ, ಹೊರಗೆ ನಾಯಿ ಬೊಗಳುವಾಗ, ಫೋನನ್ನು ಪುಸ್ತಕದ ಗುಡ್ಡೆಗೆ ಒರಗಿಸಿ ಪಾಠ ಮಾಡಿದ ಮೇಷ್ಟ್ರುಗಳನ್ನು ನಾನು ಬಲ್ಲೆ. ಅವರಿಗೆ ಕೈ ಮುಗಿಯುತ್ತೇನೆ.

ನನ್ನ ಜಗಳ ಆಮೇಲೆ ಏನಾಯಿತು ಅನ್ನುವುದರ ಬಗ್ಗೆ. ಕಾಲೇಜು ಬಾಗಿಲು ತೆರೆದ ತಕ್ಷಣ ಎಲ್ಲರೂ ಮತ್ತೆ ಬೋರ್ಡು, ಡಿಕ್ಟೇಷನ್, ಜೆರಾಕ್ಸಿಗೆ ಮರಳಿದರು. ವಿಡಿಯೋ ಅಂದರೆ ರೋಗ ಬಂದಾಗ ನುಂಗುವ ಮಾತ್ರೆ, ಹುಷಾರಾದ ಮೇಲೆ ಬೇಡ ಅನ್ನುವ ಹಾಗೆ.

ಹತ್ತಕ್ಕೆ ಎಂಟು

ಇಲ್ಲಿ ನನ್ನದೂ ಒಂದು ಕಥೆ ಇದೆ. ನಾನು ಪತ್ರಿಕೋದ್ಯಮದಲ್ಲಿ ಡಿಪ್ಲೊಮಾ ಮಾಡಿದವನು. ಯಾವ ಸಂಸ್ಥೆ ಅನ್ನುವುದು ಬೇಡ. ರೇಡಿಯೋ ಅನ್ನುವ ಒಂದು ಪೇಪರು ಇತ್ತು. ವರ್ಷ ಪೂರ್ತಿ ನಮ್ಮ ಕ್ಲಾಸಿನಲ್ಲಿ ಒಂದು ರೇಡಿಯೋ ಕಾರ್ಯಕ್ರಮವನ್ನೂ ಕೇಳಿಸಲಿಲ್ಲ. ಒಂದು ಮೈಕನ್ನೂ ಮುಟ್ಟಿಸಲಿಲ್ಲ. ಪರೀಕ್ಷೆಯಲ್ಲಿ ಪ್ರಶ್ನೆ ಬಂತು: ಮೈಕ್ರೋಫೋನಿನ ವಿಧಗಳನ್ನು ವಿವರಿಸಿ, ಹತ್ತು ಅಂಕ. ನಾನು ವಿಧವಿಧವಾಗಿ ವಿವರಿಸಿದೆ. ಹತ್ತಕ್ಕೆ ಎಂಟು ಕೊಟ್ಟರು.

ನಿಜವಾದ ಮೈಕು ಕೈಗೆ ಬಂದಾಗ ಅದನ್ನು ಯಾವ ಕಡೆ ಹಿಡಿಯಬೇಕು ಅಂತ ಗೊತ್ತಿರಲಿಲ್ಲ. ಗೂಡಿನ ಮಾರುಕಟ್ಟೆಯಲ್ಲಿ ಒಬ್ಬ ರೀಲರನ್ನು ಮಾತಾಡಿಸಿ ರೆಕಾರ್ಡ್ ಮಾಡಿಕೊಂಡು ಬಂದೆ. ಮನೆಗೆ ಬಂದು ಕೇಳಿದರೆ ಬರೀ ಗಲಾಟೆ, ಅವನ ಮಾತು ಒಂದೂ ಕೇಳಿಸಲಿಲ್ಲ. ಬಾಯಿಗೆ ಹತ್ತಿರ ಹಿಡಿಯಬೇಕು, ಗಾಳಿಗೆ ಬೆನ್ನು ಕೊಡಬೇಕು ಅನ್ನುವುದನ್ನು ಮೂರು ನಿಮಿಷದ ವಿಡಿಯೋ ನೋಡಿ ಕಲಿತೆ. ಆ ಮೂರು ನಿಮಿಷವನ್ನು ಕ್ಲಾಸಿನಲ್ಲಿ ತೋರಿಸಿದ್ದರೆ ನನ್ನ ಎರಡು ವರ್ಷದ ಪರದಾಟ ಉಳಿಯುತ್ತಿತ್ತು.

ಇದು ನನ್ನೊಬ್ಬನ ಕಥೆಯಲ್ಲ. ಸೂಕ್ಷ್ಮದರ್ಶಕ ನೋಡದೆ ಜೀವಶಾಸ್ತ್ರ, ಕೋರ್ಟು ನೋಡದೆ ಕಾನೂನು, ಹಾಡು ಕೇಳದೆ ಕಾವ್ಯ. ಎಲ್ಲದಕ್ಕೂ ಹತ್ತಕ್ಕೆ ಎಂಟು.

ಇದು ಹೊಸ ವಿಚಾರವೇ ಅಲ್ಲ

"ಇದೆಲ್ಲ ವಿದೇಶದಲ್ಲಿ ನಡೆಯುತ್ತೆ, ನಮ್ಮಲ್ಲಿ ಆಗಲ್ಲ" ಅನ್ನುವವರಿಗೆ ನಮ್ಮ ನಾಡಿನದೇ ಚರಿತ್ರೆ ಹೇಳಬೇಕು.

1935. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಪ್ರೊ. ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಒಂದು ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ರೇಡಿಯೋ ಪ್ರಸಾರ ಶುರು ಮಾಡಿದರು. ಇವತ್ತು ಇಡೀ ದೇಶ ಹೇಳುವ 'ಆಕಾಶವಾಣಿ' ಅನ್ನುವ ಹೆಸರು ಆ ಮನೆಯಿಂದಲೇ ಬಂದದ್ದು. ಅಂದರೆ ಕರ್ನಾಟಕದಲ್ಲಿ ರೇಡಿಯೋ ಹುಟ್ಟಿಸಿದವನು ಸರ್ಕಾರಿ ಇಂಜಿನಿಯರ್ ಅಲ್ಲ, ವ್ಯಾಪಾರಿಯೂ ಅಲ್ಲ, ಒಬ್ಬ ಕಾಲೇಜು ಮೇಷ್ಟ್ರು.

ಅದೇ 1935ರಲ್ಲಿ ನಮ್ಮ ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗನೊಬ್ಬ ಓದುವ ಆಸೆಗೆ ಬೆಂಗಳೂರಿಗೆ ನಡೆದೇ ಹೋದ. ಆ ಹುಡುಗ ಎಚ್. ನರಸಿಂಹಯ್ಯ. ಮುಂದೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆದರು. ಗೌರಿಬಿದನೂರು, ಬಾಗೇಪಲ್ಲಿಗೆ ನ್ಯಾಷನಲ್ ಕಾಲೇಜು ತಂದರು. ಪಾಠ ಇರುವ ಕಡೆ ಹುಡುಗ ನಡೆದು ಹೋಗಬೇಕಾದ ಕಾಲ ಅದು. ಪಾಠವೇ ಹುಡುಗ ಇರುವ ಕಡೆ ಬರಬಹುದು ಅಂತ ಅದೇ ವರ್ಷ ಮೈಸೂರಿನ ಮೇಷ್ಟ್ರು ತೋರಿಸಿದ್ದರು. ತೊಂಬತ್ತು ವರ್ಷ ಆಯಿತು. ನಮ್ಮ ಹುಡುಗರು ಈಗಲೂ ಬಸ್ಸಿಗೆ ನೇತಾಡಿ ಹೋಗಿ ಡಿಕ್ಟೇಷನ್ ಬರೆದುಕೊಂಡು ಬರುತ್ತಿದ್ದಾರೆ.

1975ರ ಆಗಸ್ಟ್ 1. ಅಮೆರಿಕದ ಉಪಗ್ರಹವೊಂದನ್ನು ಒಂದು ವರ್ಷದ ಮಟ್ಟಿಗೆ ಬಳಸಿಕೊಂಡು ಇಸ್ರೋ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಪಾಠ ಕಳಿಸಿತು. ಅದಕ್ಕೆ ಸೈಟ್ ಅಂತ ಹೆಸರು. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಕೃಷಿ, ಆರೋಗ್ಯ, ಮಕ್ಕಳ ಪಾಠ ಎಲ್ಲ ಕನ್ನಡದಲ್ಲೇ. ಬೆಂಗಳೂರಿನ ದೊಡ್ಡ ಮನೆಗಳಲ್ಲೂ ಟಿವಿ ಇಲ್ಲದ ಕಾಲದಲ್ಲಿ ಕಲ್ಯಾಣ ಕರ್ನಾಟಕದ ಹಳ್ಳಿಯವರು ಟಿವಿಯಲ್ಲಿ ಪಾಠ ನೋಡಿದರು. ವರ್ಷ ಮುಗಿಯಿತು, ಉಪಗ್ರಹ ವಾಪಸ್ ಹೋಯಿತು.

1984ರ ಆಗಸ್ಟ್ 15ರಿಂದ ಯುಜಿಸಿ ದೂರದರ್ಶನದಲ್ಲಿ ಕಾಲೇಜು ಪಾಠ ಶುರು ಮಾಡಿತು. ಒಳ್ಳೆಯ ಕಾರ್ಯಕ್ರಮಗಳೇ. ಆದರೆ ಬಹುಪಾಲು ಇಂಗ್ಲಿಷಿನಲ್ಲಿ. ನಮ್ಮೂರಿನಲ್ಲಿ ಆ ಹೊತ್ತಿಗೆ ಟಿವಿ ಆರಿಸಿ ಕೆಲಸಕ್ಕೆ ಹೋಗುತ್ತಿದ್ದರು.

ಇನ್ನು ನಮ್ಮ ಪಕ್ಕದ್ದೇ ಒಂದು. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ. ಸುಮಾರು ಇಪ್ಪತ್ತೈದು ವರ್ಷದ ಹಿಂದೆ ಅಲ್ಲಿ 'ನಮ್ಮ ಧ್ವನಿ' ಅಂತ ಒಂದು ಕೇಂದ್ರ ಶುರುವಾಯಿತು. ಆಗ ಹಳ್ಳಿಯವರಿಗೆ ರೇಡಿಯೋ ಲೈಸೆನ್ಸ್ ಕೊಡುತ್ತಿರಲಿಲ್ಲ. ಅದಕ್ಕೆ ಅವರು ಕೇಬಲ್ ಟಿವಿಯ ತಂತಿಯಲ್ಲೇ ದನಿ ಕಳಿಸಿದರು. ಸ್ವಸಹಾಯ ಸಂಘದ ಹೆಂಗಸರು, ಊರ ಹುಡುಗರು ಕಾರ್ಯಕ್ರಮ ಮಾಡಿದರು. ಹಳ್ಳಿಯವರಿಗೂ ಸಮುದಾಯ ರೇಡಿಯೋ ಲೈಸೆನ್ಸ್ ಅಂತ ದೆಹಲಿ ಒಪ್ಪಿದ್ದು 2006ರಲ್ಲಿ. ಬೂದಿಕೋಟೆಯ ಹೆಂಗಸರು ಅಷ್ಟು ಕಾಯಲಿಲ್ಲ.

ಈ ಚರಿತ್ರೆಯಿಂದ ಏನು ತಿಳಿಯುತ್ತದೆ? ತಂತ್ರಜ್ಞಾನ ಯಾವತ್ತೂ ನಮಗೆ ಅಡ್ಡ ಬಂದಿಲ್ಲ. ನಮ್ಮ ಭಾಷೆಯಲ್ಲಿ, ನಮ್ಮ ಜನರ ಕೈಯಲ್ಲಿ ಇದ್ದಾಗ ಕೆಲಸ ಮಾಡಿದೆ. ಮೇಲಿಂದ, ಇಂಗ್ಲಿಷಿನಲ್ಲಿ ಬಿದ್ದಾಗ ನಮ್ಮ ತಲೆ ಮೇಲೆ ಹಾದು ಹೋಗಿದೆ.

ಲೆಕ್ಚರ್ ಶೂಟಿಂಗ್ ಮಾಡಿದರೆ ಸಾಲದು

ಈಗ "ವಿಡಿಯೋ ಪಾಠ ಬೇಕು" ಅಂದರೆ ಏನು ಮಾಡುತ್ತಾರೆ ಗೊತ್ತಲ್ಲ? ಮೇಷ್ಟ್ರನ್ನು ನಿಲ್ಲಿಸಿ, ಪಕ್ಕದಲ್ಲಿ ಒಂದು ಸ್ಲೈಡ್ ಹಾಕಿ, ಅದರಲ್ಲಿರುವುದನ್ನೇ ನಲವತ್ತೈದು ನಿಮಿಷ ಓದಿಸುತ್ತಾರೆ. ಇದು ಬಾಯಿ ಬಂದ ಜೆರಾಕ್ಸ್, ಅಷ್ಟೇ.

ವಿಡಿಯೋ, ಆಡಿಯೋ ಬೇಕಾಗಿರುವುದು ಪುಸ್ತಕಕ್ಕೆ ಆಗದ ಕೆಲಸಕ್ಕೆ. ನಮ್ಮ ಜಿಲ್ಲೆಯದೇ ನಾಲ್ಕು ಉದಾಹರಣೆ ಕೊಡುತ್ತೇನೆ.

ಒಂದು, ರೇಷ್ಮೆ. ಹುಳಕ್ಕೆ ಬರುವ ಸುಣ್ಣಕಟ್ಟು, ಹಾಲುತೊಂಡೆ, ಸಪ್ಪೆರೋಗ, ಗಂಟುರೋಗ ನಮ್ಮ ತಾಯಂದಿರಿಗೆ ಗೊತ್ತು. ತಟ್ಟೆ ಮುಂದೆ ನಿಂತರೆ ಸಾಕು, ಹುಳ ಸೊಪ್ಪು ತಿನ್ನುವ ಸದ್ದಿನಲ್ಲೇ ಹೇಳುತ್ತಾರೆ ಆರೋಗ್ಯವಾಗಿದೆಯೋ ಇಲ್ಲವೋ ಅಂತ. ಚಿಂತಾಮಣಿಯಲ್ಲಿ ಕೃಷಿ ವಿಶ್ವವಿದ್ಯಾಲಯದ ರೇಷ್ಮೆ ಕಾಲೇಜೇ ಇದೆ. ಆ ತಾಯಂದಿರ ಕಣ್ಣು, ಕೈ, ಕಿವಿ ಏನು ಗುರುತಿಸುತ್ತದೆ ಅನ್ನುವುದನ್ನು ಹತ್ತಿರದಿಂದ ಚಿತ್ರೀಕರಿಸಿ, ಅದರ ಮೇಲೆ ವಿಜ್ಞಾನಿಯ ವಿವರಣೆ ಸೇರಿಸಿದರೆ ಅದಕ್ಕಿಂತ ಒಳ್ಳೆ ಪಾಠ ಪ್ರಪಂಚದಲ್ಲಿ ಎಲ್ಲಿ ಸಿಗುತ್ತದೆ? ಆ ಪಾಠ ಪ್ರಾಣಿಶಾಸ್ತ್ರದ ಹುಡುಗಿಗೂ ಬೇಕು, ಅವಳ ಅಪ್ಪನಿಗೂ ಬೇಕು.

ಎರಡು, ಗೂಡಿನ ಮಾರುಕಟ್ಟೆ. ರಾಮನಗರ ಬಿಟ್ಟರೆ ರಾಜ್ಯದ ದೊಡ್ಡ ಗೂಡಿನ ಮಾರುಕಟ್ಟೆ ನಮ್ಮದು. ಬಿಕಾಂ, ಅರ್ಥಶಾಸ್ತ್ರದ ಹುಡುಗರು ಬೇಡಿಕೆ, ಪೂರೈಕೆ, ಹರಾಜು ಅಂತ ಬಾಯಿಪಾಠ ಮಾಡುತ್ತಾರೆ. ಎರಡು ಕಿಲೋಮೀಟರ್ ದೂರದಲ್ಲಿ ದಿನಾ ಬೆಳಗ್ಗೆ ಅದೇ ನಡೆಯುತ್ತಿರುತ್ತದೆ. ಮೊದಲು ಬಾಯಲ್ಲಿ ಕೂಗುತ್ತಿದ್ದ ಹರಾಜು ಇ-ಹರಾಜಾದಾಗ ರೈತನಿಗೆ ಏನು ಲಾಭವಾಯಿತು, ರೀಲರಿಗೆ ಏನು ಕಷ್ಟವಾಯಿತು, ಚೀನಾ ರೇಷ್ಮೆ ಬಂದಾಗ ಲಾಟಿನ ರೇಟು ಯಾಕೆ ಬಿತ್ತು? ರೈತ, ರೀಲರ್, ಮಾರುಕಟ್ಟೆ ಅಧಿಕಾರಿ ಮೂವರ ಮಾತನ್ನೂ ಹದಿನೈದು ನಿಮಿಷದ ಆಡಿಯೋ ಮಾಡಿದರೆ ಒಂದು ಅಧ್ಯಾಯ ಮುಗಿಯಿತು.

ಮೂರು, ತತ್ವಪದ. ಕೈವಾರದ ತಾತಯ್ಯನವರ ಪದಗಳನ್ನು ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ಭಜನೆ ಮನೆಯಲ್ಲಿ ಹಾಡುತ್ತಾರೆ. ಕನ್ನಡದಲ್ಲೂ ತೆಲುಗಿನಲ್ಲೂ ಪದ ಕಟ್ಟಿದವರು ಅವರು. ಆದರೆ ಸಾಹಿತ್ಯದ ಕ್ಲಾಸಿನಲ್ಲಿ ತತ್ವಪದ ಅಂದರೆ ಕಾಗದದ ಮೇಲಿನ ನಾಲ್ಕು ಸಾಲು, ಕೆಳಗೆ "ಸಾರಾಂಶ ಬರೆಯಿರಿ". ತಂಬೂರಿ, ತಾಳ, ಗುಂಪಿನ ದನಿ ಇಲ್ಲದ ತತ್ವಪದ ಅಂದರೆ ಉಪ್ಪಿಲ್ಲದ ಸಾರು. ಎಚ್.ಎಲ್. ನಾಗೇಗೌಡರು ರಾಮನಗರದ ಜಾನಪದ ಲೋಕದಲ್ಲಿ ಹಾಡುಗಾರರ ದನಿ ದಾಖಲಿಸುವ ಕೆಲಸಕ್ಕೆ ಅಡಿಪಾಯ ಹಾಕಿ ಹೋಗಿದ್ದಾರೆ. ಅಂಥ ದಾಖಲೆ ಕ್ಲಾಸಿನ ಒಳಗೆ ಬರಬೇಕು. ಪರೀಕ್ಷೆಯಲ್ಲಿ ಕೇಳಿಸಿ ಪ್ರಶ್ನೆ ಕೇಳಬೇಕು.

ನಾಲ್ಕು, ವಿದುರಾಶ್ವತ್ಥ. 1938ರ ಏಪ್ರಿಲ್ 25ರಂದು ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಅಲ್ಲಿ ಗುಂಡು ಹಾರಿತು. ದಕ್ಷಿಣದ ಜಲಿಯನ್‌ವಾಲಾಬಾಗ್ ಅಂತ ಭಾಷಣದಲ್ಲಿ ಹೇಳುತ್ತೇವೆ. ಅದನ್ನು ಕಣ್ಣಾರೆ ಕಂಡವರ ತಲೆಮಾರು ಮುಗಿದು ಹೋಯಿತು. ನಮ್ಮ ಜಿಲ್ಲೆಯ ಒಂದೊಂದು ಇತಿಹಾಸ ವಿಭಾಗವೂ ವರ್ಷಕ್ಕೆ ಇಬ್ಬರು ಹಿರಿಯರ ಮಾತು ಕ್ಯಾಸೆಟ್ಟಿಗೆ ಹಿಡಿದಿದ್ದರೆ ಇವತ್ತು ಅದು ಎಂಥ ಪಾಠವಾಗುತ್ತಿತ್ತು! ಹೋದದ್ದು ಹೋಯಿತು. ಈಗ ಎಂಬತ್ತು ದಾಟಿದವರು ಇನ್ನೂ ಇದ್ದಾರೆ. ಅವರಿಗೆ ಕೆರೆ ತುಂಬಿದ್ದ ಕಾಲ ನೆನಪಿದೆ, ಬಾವಿ ಬತ್ತಿದ್ದು ನೆನಪಿದೆ, ಮೊದಲ ಬೋರ್‌ವೆಲ್ ಕೊರೆದ ದಿನ ನೆನಪಿದೆ. ಈಗ ಬೆಂಗಳೂರಿನ ಕೊಳಚೆ ನೀರು ಶುದ್ಧೀಕರಿಸಿ ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬರುತ್ತಿದೆ. ಅದನ್ನು ಇನ್ನೊಂದು ಸಲ ಶುದ್ಧ ಮಾಡಿ ಅಂತ ಹೋರಾಟವೂ ನಡೆದಿದೆ. ಈ ನೂರು ವರ್ಷದ ನೀರಿನ ಕಥೆ ಯಾವ ಗೈಡಿನಲ್ಲಿದೆ?

ಪಾಠದ ಸಾಮಗ್ರಿಯಲ್ಲಿ ವೈವಿಧ್ಯ ಬೇಕು ಅಂತ ನಾನು ಹೇಳುವುದು ಇದಕ್ಕೆ. ಕಾಗದದ ಬದಲು ಪರದೆ ಬಂದರೆ ಅದು ವೈವಿಧ್ಯವಲ್ಲ. ಇಲ್ಲಿಯವರೆಗೆ ಪಾಠದೊಳಗೆ ಕೇಳಿಸದ ದನಿ ಕೇಳಿಸಬೇಕು. ರೀಲಿಂಗ್ ಘಟಕದಲ್ಲಿ ಬಿಸಿನೀರಿಗೆ ಕೈ ಅದ್ದಿ ಬೆರಳು ಬಿಳಿಚಿಕೊಂಡ ಹೆಂಗಸು ಕಾರ್ಮಿಕ ಕಾನೂನಿನ ಪಾಠದಲ್ಲಿ ಮಾತಾಡಬೇಕು.

ಮನೆಯಲ್ಲಿ ತೆಲುಗು, ಕ್ಲಾಸಿನಲ್ಲಿ ಕನ್ನಡ, ನೋಟ್ಸು ಇಂಗ್ಲಿಷು

ನಮ್ಮ ಕಡೆಯ ಹುಡುಗರ ಕಷ್ಟ ಬೆಂಗಳೂರಿನಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ. ಬಹಳ ಮನೆಗಳಲ್ಲಿ ಮಾತು ತೆಲುಗು. ರೀಲರುಗಳ ಮನೆಯಲ್ಲಿ ಉರ್ದು. ಸ್ಕೂಲಲ್ಲಿ ಓದಿದ್ದು ಕನ್ನಡ. ಡಿಗ್ರಿಗೆ ಬಂದರೆ ವಿಜ್ಞಾನ, ವಾಣಿಜ್ಯ ಇಂಗ್ಲಿಷಿನಲ್ಲಿ. ಮೂರನೇ ಭಾಷೆಯಲ್ಲಿ ತಲೆಗೆ ಹತ್ತದ್ದನ್ನು ಬಾಯಿಪಾಠ ಮಾಡದೆ ಇನ್ನೇನು ಮಾಡುತ್ತಾರೆ?

ಐಐಟಿ, ಐಐಎಸ್ಸಿ ಮೇಷ್ಟ್ರುಗಳ ಎನ್‌ಪಿಟಿಇಎಲ್ ಪಾಠಗಳಿವೆ, 2017ರಿಂದ ಕೇಂದ್ರದ ಸ್ವಯಂ ಇದೆ. ಒಂದು ಸೆಮಿಸ್ಟರಿನ ಶೇ. 40ರಷ್ಟು ಕೋರ್ಸುಗಳನ್ನು ಸ್ವಯಂ ಮೂಲಕ ಮಾಡಬಹುದು ಅಂತ ಯುಜಿಸಿ 2021ರಲ್ಲೇ ನಿಯಮ ಮಾಡಿದೆ. ಬಾಗಿಲು ತೆರೆದಿದೆ ಅಂದ ಹಾಗಾಯಿತು. ಆದರೆ ಬಾಗಿಲ ಮೇಲಿನ ಬೋರ್ಡು ಇಂಗ್ಲಿಷಿನಲ್ಲಿದೆ. ನಮ್ಮ ಹುಡುಗ ಒಳಗೆ ಹೋಗುವುದು ಹೇಗೆ?

ಆಡಿಯೋ ಇಲ್ಲಿ ಕೆಲಸಕ್ಕೆ ಬರುತ್ತದೆ. ಇಂಗ್ಲಿಷಿನ ಅಧ್ಯಾಯ ಓದುವ ಮೊದಲು ಅದೇ ವಿಷಯವನ್ನು ಹತ್ತು ನಿಮಿಷ ನಮ್ಮ ಕನ್ನಡದಲ್ಲಿ, ಬೇಕಾದಲ್ಲಿ ತೆಲುಗು, ಉರ್ದು ಮಾತು ಬೆರೆಸಿ, ಯಾರಾದರೂ ಹೇಳಿದರೆ ಸಾಕು. ಆಮೇಲೆ ಇಂಗ್ಲಿಷು ಹೆದರಿಸುವುದಿಲ್ಲ. ಒಳ್ಳೆ ಮೇಷ್ಟ್ರುಗಳು ಕ್ಲಾಸಿನಲ್ಲಿ ದಿನಾ ಇದನ್ನೇ ಮಾಡುತ್ತಾರೆ. ಆ ಮಾತು ಬೆಲ್ ಹೊಡೆದ ತಕ್ಷಣ ಗಾಳಿಗೆ ಹೋಗುತ್ತದೆ. ಅದನ್ನು ಹಿಡಿದಿಡಿ ಅಂತ ಮಾತ್ರ ಕೇಳುತ್ತಿದ್ದೇನೆ.

ಕಣ್ಣು ಕಾಣದ ವಿದ್ಯಾರ್ಥಿಯನ್ನು ಮರೆಯಬೇಡಿ. ಜೆರಾಕ್ಸ್ ನೋಟ್ಸು ಅವನಿಗೆ ಬರೀ ಕಾಗದ. ಇನ್ನೊಬ್ಬರು ಓದಿ ಹೇಳುವವರೆಗೆ ಕಾಯಬೇಕು. ಅವನಿಗೆ ಆಡಿಯೋ ಪಾಠ ಸೌಕರ್ಯವಲ್ಲ, ಅದೇ ಪಠ್ಯಪುಸ್ತಕ. ಹಾಗೆಯೇ ಕಿವಿ ಕೇಳದವರಿಗೆ ವಿಡಿಯೋದ ಕೆಳಗೆ ಕನ್ನಡದ ಸಾಲು ಓಡಬೇಕು.

ನೆಪಗಳು, ಮತ್ತು ನಿಜವಾದ ಆಕ್ಷೇಪಗಳು

"ಹಳ್ಳಿಯಲ್ಲಿ ನೆಟ್‌ವರ್ಕ್ ಇಲ್ಲ." ಇದು ಅರ್ಧ ನಿಜ. ಆದರೆ ಲೆಕ್ಕ ಹಾಕಿ. ಮಾತಿಗೆ ಸಾಕಾಗುವ 32 ಕೆಬಿಪಿಎಸ್ ಗುಣಮಟ್ಟದಲ್ಲಿ ಉಳಿಸಿದರೆ ಒಂದು ಗಂಟೆಯ ಆಡಿಯೋ ಸುಮಾರು 14 ಎಂಬಿ. ಹತ್ತು ನಿಮಿಷದ ಪಾಠ ಎರಡೂವರೆ ಎಂಬಿಯೂ ಆಗುವುದಿಲ್ಲ. ಮದುವೆಯ ಒಂದು ಫೋಟೋ ಕಳಿಸಿದಷ್ಟು. ಅದಕ್ಕೇ ನಾನು ಮೊದಲು ಆಡಿಯೋ, ಕಣ್ಣಿಗೆ ಕಾಣಲೇಬೇಕಾದ ವಿಷಯಕ್ಕೆ ಮಾತ್ರ ವಿಡಿಯೋ ಅನ್ನುವುದು. ಸೊಪ್ಪು ಕೊಯ್ಯುತ್ತಾ, ಬಸ್ಸಿನಲ್ಲಿ ನಿಂತುಕೊಂಡು, ಕಣ್ಣು ಮುಚ್ಚಿಕೊಂಡೂ ಕೇಳಬಹುದು.

"ಎಲ್ಲ ಹುಡುಗಿಯರ ಹತ್ತಿರ ಫೋನ್ ಎಲ್ಲಿದೆ?" ಇದು ನೆಪವಲ್ಲ, ಪೂರ್ತಿ ನಿಜ. ಎಷ್ಟೋ ಮನೆಯಲ್ಲಿ ಅಣ್ಣನಿಗೆ ಫೋನ್ ಇದೆ, ತಂಗಿಗೆ ಇಲ್ಲ. ಇದ್ದರೂ ಅಪ್ಪ ಅಮ್ಮ ಅನುಮಾನದಿಂದ ನೋಡುತ್ತಾರೆ. ಹಾಗಾಗಿ ಎಲ್ಲವನ್ನೂ ಅವಳ ತಲೆ ಮೇಲೆ ಹಾಕಬಾರದು. ಕ್ಲಾಸಿನಲ್ಲೇ ಒಂದು ಸ್ಪೀಕರ್ ಇಟ್ಟು ಕೇಳಿಸಿ. ಲೈಬ್ರರಿಯಲ್ಲಿ ನಾಲ್ಕು ಕಂಪ್ಯೂಟರ್, ನಾಲ್ಕು ಹೆಡ್‌ಫೋನ್ ಇಡಿ. ಮೆಮೊರಿ ಕಾರ್ಡಿಗೆ ಹಾಕಿ ಕೊಡಿ, ಅಪ್ಪನ ಫೋನಿಗೆ ಹಾಕಿ ಕೇಳುತ್ತಾಳೆ. ಅಪ್ಪನೂ ಕೇಳಲಿ, ತಪ್ಪೇನು?

"ಓದುವ ಅಭ್ಯಾಸ ಹಾಳಾಗುತ್ತದೆ." ಓದುವ ಅಭ್ಯಾಸವನ್ನು ಈಗಾಗಲೇ ಹಾಳು ಮಾಡಿರುವುದು ಗೈಡು, ಪಾಸಿಂಗ್ ಪ್ಯಾಕೇಜು. ಆದರೂ ಈ ಮಾತಿನಲ್ಲಿ ಸತ್ಯವಿದೆ. ಲೆಕ್ಕದ ಹೆಜ್ಜೆಗಳನ್ನು, ಕಾನೂನಿನ ಕಲಮನ್ನು, ಗಟ್ಟಿ ವಾದವನ್ನು ಕಣ್ಣಿಟ್ಟು ಓದಲೇಬೇಕು. ಅದಕ್ಕೆ ಪ್ರತಿ ಆಡಿಯೋ, ವಿಡಿಯೋ ಜೊತೆ ಅದರ ಬರಹ ರೂಪವೂ ಇರಲೇಬೇಕು. ಕೇಳಿ ಓದಿದವನಿಗೆ ಓದಿದ್ದು ಹತ್ತುತ್ತದೆ.

ಮೇಷ್ಟ್ರ ಹೊಟ್ಟೆ ಮೇಲೆ ಹೊಡೆಯಬೇಡಿ

ಇನ್ನೊಂದು ಆಕ್ಷೇಪ ಎಲ್ಲಕ್ಕಿಂತ ದೊಡ್ಡದು. ಅದನ್ನು ಜೋರಾಗಿ ಹೇಳಲೇಬೇಕು.

ನಮ್ಮ ಸರ್ಕಾರಿ ಪದವಿ ಕಾಲೇಜುಗಳನ್ನು ನಡೆಸುತ್ತಿರುವವರು ಅತಿಥಿ ಉಪನ್ಯಾಸಕರು. ರಾಜ್ಯದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ. ಸೇವಾ ಭದ್ರತೆ ಬೇಕು ಅಂತ 2023ರ ಕೊನೆಯಲ್ಲಿ ತಿಂಗಳುಗಟ್ಟಲೆ ಕ್ಲಾಸು ಬಿಟ್ಟು ಧರಣಿ ಕೂತರು. 2024ರ ಜನವರಿಯಲ್ಲಿ ತುಮಕೂರಿನಿಂದ ಬೆಂಗಳೂರಿಗೆ ನಡೆದರು. ಇಂಥ ಕಾಲದಲ್ಲಿ "ವಿಡಿಯೋ ಪಾಠ" ಅನ್ನುವ ಮಾತು ವಿಧಾನಸೌಧದ ಕಿವಿಗೆ ಬಿದ್ದರೆ ಅದು ಬೇರೆಯೇ ಥರ ಕೇಳಿಸುತ್ತದೆ. ಒಬ್ಬರ ಪಾಠ ರೆಕಾರ್ಡ್ ಮಾಡಿ 430 ಕಾಲೇಜಿಗೆ ಹಾಕಿದರೆ ಉಳಿದವರು ಯಾಕೆ ಬೇಕು ಅಂತ ಯಾರಾದರೂ ಒಬ್ಬ ಅಧಿಕಾರಿ ಲೆಕ್ಕ ಹಾಕದೆ ಇರುವುದಿಲ್ಲ.

ಹಾಗೆ ಆಗುವುದಾದರೆ ನನಗೆ ವಿಡಿಯೋನೂ ಬೇಡ, ಆಡಿಯೋನೂ ಬೇಡ. ಜೆರಾಕ್ಸೇ ಇರಲಿ. ಯಾಕೆಂದರೆ ಅರ್ಥವಾಗದೆ ಕೂತ ಹುಡುಗಿಯ ಮುಖ ನೋಡಿ "ಎಲ್ಲಿ ತಿಳಿಯಲಿಲ್ಲಮ್ಮ?" ಅಂತ ಕೇಳುವುದು ಮೇಷ್ಟ್ರಿಗೆ ಮಾತ್ರ ಗೊತ್ತು, ಫೋನಿಗೆ ಗೊತ್ತಿಲ್ಲ. ರೆಕಾರ್ಡಿಂಗ್ ಮೇಷ್ಟ್ರ ಕೈಯ ಸಲಕರಣೆ ಆಗಬೇಕು, ಅವರ ಕುರ್ಚಿಗೆ ಬರುವ ಬದಲಿ ಆಳಲ್ಲ. ಡಿಕ್ಟೇಷನ್ ಬರೆಸುವ ನಲವತ್ತು ನಿಮಿಷ ಉಳಿದರೆ ಆ ಹೊತ್ತಿನಲ್ಲಿ ಚರ್ಚೆ ಮಾಡಿಸಬಹುದು, ಮಾರುಕಟ್ಟೆಗೆ ಕರೆದುಕೊಂಡು ಹೋಗಬಹುದು. ಆಡಿಯೋ ಮಾಡಿದ ಅತಿಥಿ ಉಪನ್ಯಾಸಕನಿಗೆ ಅದಕ್ಕೆ ಪ್ರತ್ಯೇಕ ಸಂಭಾವನೆ ಕೊಡಬೇಕು. ಅವನ ಹೆಸರು ಅದರ ಮೇಲಿರಬೇಕು. ಅವನು ಕೆಲಸ ಬಿಟ್ಟ ಮೇಲೂ ಅವನ ದನಿಯನ್ನು ಪುಕ್ಕಟೆ ದುಡಿಸುವುದು ಅನ್ಯಾಯ.

ಕೇಳಬೇಕಾದದ್ದು ಇಷ್ಟು

ಕೋಟಿಗಟ್ಟಲೆ ಸ್ಟುಡಿಯೋ ಕೇಳುತ್ತಿಲ್ಲ. ಸ್ಟುಡಿಯೋ ಕಟ್ಟಿದರೆ ರಿಬ್ಬನ್ ಕತ್ತರಿಸಿ ಬೀಗ ಹಾಕುತ್ತಾರೆ, ನಮಗೆ ಗೊತ್ತಿದೆ.

ಅಮರಾವತಿಯ ಕ್ಯಾಂಪಸ್ಸಿನಲ್ಲಿ ಒಂದು ಸದ್ದಿಲ್ಲದ ಕೋಣೆ, ನಾಲ್ಕು ಒಳ್ಳೆ ಮೈಕು. ತಾಲ್ಲೂಕಿಗೊಂದು ಕಾಲೇಜಿನಲ್ಲಿ ಹೊರಗೆ ಹೋಗಿ ರೆಕಾರ್ಡ್ ಮಾಡುವ ಒಂದು ಸೆಟ್ಟು. ಪತ್ರಿಕೋದ್ಯಮ, ಕನ್ನಡ, ಇತಿಹಾಸ ಓದುವ ಹುಡುಗರೇ ರೆಕಾರ್ಡ್ ಮಾಡಲಿ, ಮೇಷ್ಟ್ರು ತಿದ್ದಲಿ. ಅದಕ್ಕೆ ಆಂತರಿಕ ಅಂಕ ಕೊಡಿ. ಈಗ ಅಸೈನ್‌ಮೆಂಟ್ ಅಂತ ಗೈಡ್ ನೋಡಿ ಬರೆಸುವ ಹತ್ತು ಪುಟಕ್ಕಿಂತ ಅಜ್ಜಿಯ ಜೊತೆ ಹತ್ತು ನಿಮಿಷ ಮಾತಾಡಿಸಿ ತಂದದ್ದು ಮೇಲು.

ಮಾತಾಡಿದ ರೈತನ, ಹಾಡಿದ ಭಜನೆಯವರ ಒಪ್ಪಿಗೆ ಬರಹದಲ್ಲಿ ಪಡೆಯಿರಿ. ಅವರಿಗೂ ಗೌರವಧನ ಕೊಡಿ. ಬೆಂಗಳೂರಿನಿಂದ ಬರುವ ಅತಿಥಿಗೆ ಶಾಲು, ಹಾರ, ಕಾರಿನ ಬಾಡಿಗೆ ಕೊಡುತ್ತೀರಲ್ಲ, ನಮ್ಮ ಹೆಂಗಸಿಗೆ ಒಂದು ದಿನದ ಕೂಲಿ ಕೊಡಲು ಯಾವ ನಿಯಮ ಅಡ್ಡ ಬರುತ್ತದೆ?

ಮಾಡಿದ್ದೆಲ್ಲ ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇರಬಾರದು. ಪಾಸ್‌ವರ್ಡ್ ಇಲ್ಲದೆ ಯಾರು ಬೇಕಾದರೂ ಕೇಳುವಂತೆ, ಹಂಚುವಂತೆ ಇರಲಿ. ನಮ್ಮ ತೆರಿಗೆಯಲ್ಲಿ ಮಾಡಿದ ಪಾಠ ನಮ್ಮದು.

ಕೊನೆಗೆ, ಪರೀಕ್ಷೆ ಬದಲಾಗಬೇಕು. ಇದು ಬದಲಾಗದಿದ್ದರೆ ಮೇಲಿನದೆಲ್ಲ ದಂಡ. ಪ್ರಶ್ನೆಪತ್ರಿಕೆ "ವಿಧಗಳನ್ನು ವಿವರಿಸಿ" ಅಂತಲೇ ಕೇಳುತ್ತಿದ್ದರೆ ಹುಡುಗರು ಜೆರಾಕ್ಸ್ ಅಂಗಡಿಗೇ ಹೋಗುತ್ತಾರೆ. ಅವರ ತಪ್ಪಲ್ಲ ಅದು. ನೂರರಲ್ಲಿ ಇಪ್ಪತ್ತು ಅಂಕವಾದರೂ ಕೇಳಿದ್ದು, ನೋಡಿದ್ದು, ತಾನೇ ದಾಖಲಿಸಿದ್ದರ ಮೇಲೆ ಇರಲಿ.

ಓದುಗರೇ, ನಿಮ್ಮದೂ ಒಂದು ಕೆಲಸ ಇದೆ. ಈ ಬರಹವನ್ನು ಫೋನಿನಲ್ಲಿ ಓದುತ್ತಿದ್ದೀರಿ. ನಿಮ್ಮ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಡಿಗ್ರಿ ಓದುವ ಮಕ್ಕಳಿದ್ದರೆ ಅವರ ಬ್ಯಾಗು ತೆಗೆದು ನೋಡಿ. ಏನು ಓದುತ್ತಿದ್ದಾರೆ, ಎಲ್ಲಿಂದ ತಂದರು ಕೇಳಿ. ಪೋಷಕರ ಸಭೆಗೆ ಹೋದಾಗ ಬರೀ ಹಾಜರಾತಿ, ಫೀಸು ಕೇಳಿ ಬರಬೇಡಿ. "ನಮ್ಮ ಹುಡುಗಿಗೆ ಕೇಳಲು, ನೋಡಲು ಏನು ಪಾಠ ಇಟ್ಟಿದ್ದೀರಿ?" ಅಂತ ಕೇಳಿ. ಸಿಂಡಿಕೇಟ್ ಸದಸ್ಯರು, ಶಾಸಕರು ಊರಿಗೆ ಬಂದಾಗ ರಸ್ತೆ, ಚರಂಡಿ ಜೊತೆ ಇದನ್ನೂ ಕೇಳಿ.

ಹುಳುಮನೆಯಲ್ಲಿ ಒಂದು ಮಾತಿದೆ. ಹುಳ ಹಣ್ಣಾದ ಮೇಲೆ ಸೊಪ್ಪು ಹಾಕಿ ಪ್ರಯೋಜನವಿಲ್ಲ, ತಿನ್ನುವ ಹೊತ್ತಿಗೆ ಹಾಕಬೇಕು. ನಮ್ಮ ಹುಡುಗಿಯರು ಡಿಗ್ರಿಯಲ್ಲಿರುವುದು ಮೂರೇ ವರ್ಷ. ಅಮರಾವತಿಯಲ್ಲಿ ಕಟ್ಟಡ ಪೂರ್ತಿಯಾಗಿ, ಸಮಿತಿ ಕೂತು, ವರದಿ ಬರೆದು, ಟೆಂಡರ್ ಕರೆಯುವ ಹೊತ್ತಿಗೆ ಇವತ್ತಿನ ಹುಡುಗಿ ಮದುವೆಯಾಗಿ ಇನ್ನೊಬ್ಬರ ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿರುತ್ತಾಳೆ. ಆಗ ಅವಳೂ ಸಂಜೆ ಫೋನ್ ಹಿಡಿದು ವಿಡಿಯೋ ನೋಡಿ ಕಲಿಯುತ್ತಾಳೆ, ಕಾಲೇಜಿನಲ್ಲಿ ಕಲಿಯಬೇಕಾಗಿದ್ದನ್ನು.